ನನ್ನ ಕಪಾಟಿನ ಮೂರು ಪುಸ್ತಕಗಳು

(ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತುಗಳ ಬರಹರೂಪ)

ಗೆಳತಿಯರೆ,

ನಿಮಗೆ ತುಂಬ ಇಷ್ಟವಾದ ಪುಸ್ತಕಗಳ ಬಗ್ಗೆ ಮಾತಾಡಿ ಎಂದು ಕೇಳಿದಾಗ, ಸಾಲದ ಕಂತು, ಬಡ್ಡಿ ಲೆಕ್ಕದ ನಡುವೆ ಇದು ಯಾರಿಗೆ ಬೇಕು ಎನ್ನಿಸಿತು. ಆಮೇಲೆ ನೆನಪಾಯಿತು, ವರದಕ್ಷಿಣೆ ಎಂದರೇನು ಎಂದು ನನಗೆ ತಿಳಿದದ್ದು 1961ರ ಕಾಯಿದೆಯಿಂದಲ್ಲ, ಒಂದು ಕಾದಂಬರಿಯಿಂದ. ಅದೂ ಬಹಳ ತಡವಾಗಿ.

ಆ ಕಾದಂಬರಿ ‘ಬೆಳ್ಳಿಮೋಡ’. ಬರೆದ ತ್ರಿವೇಣಿ 1928ರಲ್ಲಿ ಇದೇ ಮಂಡ್ಯದಲ್ಲಿ ಹುಟ್ಟಿದವರು. 1963ರಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೈದೂ ತುಂಬಿರಲಿಲ್ಲ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಸಿನಿಮಾ ಮಾಡಿದರು. ನಿಮ್ಮಲ್ಲಿ ಹಲವರು ಅದನ್ನು ನೋಡಿ ಅತ್ತಿರಬಹುದು. ಇಂದಿರಾ ಎಸ್ಟೇಟಿನ ಒಬ್ಬಳೇ ಮಗಳು. ಅವಳಿಗೆ ಗೊತ್ತಾದ ಗಂಡು ಮೋಹನ್ ಓದಲು ಅಮೆರಿಕಕ್ಕೆ ಹೋಗುತ್ತಾನೆ. ಅಷ್ಟರಲ್ಲಿ ಇಂದಿರಾಗೆ ಒಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿ ಕೈತಪ್ಪಿತು ಎಂದು ತಿಳಿದ ಮೋಹನನಿಗೆ ಇಂದಿರಾ ಬೇಡವಾಗುತ್ತಾಳೆ. ಕೊನೆಗೆ ಅವನು ಮನಸ್ಸು ಬದಲಿಸಿ ಬಂದಾಗ ಬೇಡ ಎನ್ನುವ ಸರದಿ ಅವಳದು.

ಕಾಲೇಜಿನಲ್ಲಿ ನಾನು ಇದನ್ನು ಮನೋವೈಜ್ಞಾನಿಕ ಕಾದಂಬರಿ ಎಂದು ಟಿಪ್ಪಣಿ ಬರೆಸುತ್ತಿದ್ದೆ. ಮದ್ದೂರಿನ ಕಡೆಯಿಂದ ರೈಲಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತು, “ಮೇಡಂ, ಇದು ವರದಕ್ಷಿಣೆ ಕಥೆ ಅಲ್ವಾ? ಅವನಿಗೆ ಬೇಕಾಗಿದ್ದು ತೋಟ ತಾನೆ?” ಎಂದಳು. ಪರೀಕ್ಷೆಯಲ್ಲಿ ಹಾಗೆ ಬರೀಬೇಡ, ಅಂಕ ಹೋಗುತ್ತೆ ಎಂದೆ. ಅವಳು ಡಿಗ್ರಿ ಮುಗಿಸಲಿಲ್ಲ, ಮದುವೆಯಾಯಿತು. ಎರಡು ವರ್ಷದ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕಳು. ತೋಳಿನ ಮೇಲೆ ಸೆರಗು ಎಳೆದುಕೊಂಡೇ ಮಾತಾಡಿದಳು. ಬೈಕಿನ ದುಡ್ಡು ಇನ್ನೂ ಬಾಕಿ ಇದೆ ಎಂದಷ್ಟೇ ಹೇಳಿದಳು. ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ ಶಿಕ್ಷೆ ಕೊಡುವ 498ಎ ಕಲಂ 1983ರಲ್ಲೇ ಬಂದಿತ್ತು, ನನಗೆ ಗೊತ್ತಿತ್ತು. ಬಾಯಿಂದ ಬಂದ ಮಾತು ಮಾತ್ರ “ಹೊಂದಿಕೊಂಡು ಹೋಗಮ್ಮ.” ಆ ಮಾತು ತಪ್ಪು ಎಂದು ಹೇಳೋಣವೆಂದರೆ ಅವಳು ಮತ್ತೆ ಸಿಗಲಿಲ್ಲ.

ನಮ್ಮ ಅಜ್ಜಿಯರ ಕಾಲದಲ್ಲಿ ಈ ಕಡೆಯ ಒಕ್ಕಲು ಮನೆಗಳಲ್ಲಿ ಗಂಡಿನವರೇ ತೆರ ಕೊಟ್ಟು ಹೆಣ್ಣು ತರುತ್ತಿದ್ದರು. ನಾಲೆ ನೀರು ಬಂತು, ಕಬ್ಬು ಬಂತು, ಓದಿದ ಗಂಡು ಬಂದ, ಕೊಡುವ ಕೈ ಬದಲಾಯಿತು.

ಕಳೆದ ವರ್ಷ ಮದ್ದೂರು ತಾಲ್ಲೂಕಿನ ಒಂದು ಸಂಘದಲ್ಲಿ, ಉಳಿತಾಯ ಕಟ್ಟಿದ ಮೇಲೆ ಅರ್ಧ ಗಂಟೆಯಂತೆ ಈ ಪುಸ್ತಕ ಓದಿದೆ. ಮೋಹನ್ ಬೇಡವೆನ್ನುವ ಭಾಗ ಬಂದಾಗ, ನಾಲ್ಕು ವರ್ಷದಿಂದ ಸಹಿ ಹಾಕಿ ಸುಮ್ಮನೆ ಕೂರುತ್ತಿದ್ದ ಒಬ್ಬರು ಹೇಳಿದರು: “ಪುಣ್ಯವಂತೆ ಬಿಡಿ, ಮದುವೆಗೆ ಮುಂಚೆ ಗೊತ್ತಾಯ್ತಲ್ಲ. ನಂಗೆ ಮೂರನೇ ದಿನ ಗೊತ್ತಾಯ್ತು.” ಅವತ್ತು ಪುಸ್ತಕ ಮುಂದೆ ಹೋಗಲಿಲ್ಲ.

ಎರಡನೆಯದು ಸಂಚಿ ಹೊನ್ನಮ್ಮನ ‘ಹದಿಬದೆಯ ಧರ್ಮ’. ಮಳವಳ್ಳಿಯವರಿಗೆ ಇವಳು ನೆರೆಯವಳೇ, ಕೊಳ್ಳೇಗಾಲ ದಾಟಿದರೆ ಅವಳ ಊರು ಯಳಂದೂರು. ಮುನ್ನೂರು ವರ್ಷಗಳ ಹಿಂದೆ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆ ಸಂಚಿಯ ಊಳಿಗದಲ್ಲಿದ್ದವಳು. ಕಾವ್ಯದ ಬಹುಪಾಲು ಗಂಡನಿಗೆ ತಗ್ಗಿ ನಡೆಯುವ ಉಪದೇಶ. ನನಗದು ಹಿಡಿಸದು, ಇಷ್ಟ ಎಂದು ಸುಳ್ಳು ಹೇಳಲಾರೆ. ಆದರೆ ನಡುವೆ ಒಂದು ಕಡೆ ಅವಳು, ಹೆಣ್ಣೆಂದು ಹೀಗಳೆಯುವವರನ್ನು ಹಿಡಿದು ನಿಲ್ಲಿಸಿ, ನಿಮ್ಮನ್ನು ಹೆತ್ತವಳು ಯಾರು ಎಂದು ಕೇಳಿಬಿಡುತ್ತಾಳೆ. ಆ ಕೆಲವು ಸಾಲುಗಳಿಗಾಗಿ ಪುಸ್ತಕ ಇಟ್ಟುಕೊಂಡಿದ್ದೇನೆ. 2023ರಲ್ಲಿ ನಮ್ಮ ಮಂಡ್ಯದ ಒಂದು ಆಲೆಮನೆಯಲ್ಲಿ ಕದ್ದು ಸ್ಕ್ಯಾನ್ ಮಾಡಿ ಹೆಣ್ಣು ಭ್ರೂಣ ಪತ್ತೆ ಹಚ್ಚುತ್ತಿದ್ದ ಜಾಲ ಬಯಲಾದ ದಿನ, ಅದನ್ನು ತೆಗೆದು ಮತ್ತೆ ಓದಿದೆ. ಬೆಲ್ಲ ಬೇಯಿಸುವ ಜಾಗ ಅದು! ಹೆಣ್ಣು ಹುಟ್ಟಿದರೆ ಮದುವೆಗೆ ಎಷ್ಟು ಕೊಡಬೇಕೋ ಎಂಬ ಹೆದರಿಕೆಯೂ ಅಲ್ಲಿಗೆ ಕರೆದೊಯ್ದಿರುತ್ತದೆ.

ಮೂರನೆಯದು ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಅಪ್ಪನ ಹಠಕ್ಕೆ ಮಗಳು ನಾದಿರಾಳ ಸಂಸಾರ ಮುರಿಯುತ್ತದೆ. ಕೊನೆಗೆ ಅವಳು ನೀರಿಗೆ ಬೀಳುತ್ತಾಳೆ. ಮಳವಳ್ಳಿಯ ಸಂಘದಲ್ಲಿ ಓದಿದಾಗ ಹೆಂಗಸರಿಗೆ ಸಿಟ್ಟೇ ಬಂತು, ಅವಳೇಕೆ ಸಾಯಬೇಕಿತ್ತು ಎಂದು. ಹಾಗಾದರೆ ಕೊನೆಯನ್ನು ನೀವೇ ಹೇಳಿ ಎಂದೆ. ಒಬ್ಬರ ನಾದಿರಾ ಅಪ್ಪನ ಮನೆಗೂ ಹೋಗಲಿಲ್ಲ, ಗಂಡನ ಮನೆಗೂ ಹೋಗಲಿಲ್ಲ. ಮಗುವನ್ನು ಕಟ್ಟಿಕೊಂಡು ಬೇರೆ ಊರಲ್ಲಿ ಕೋಳಿ ಸಾಕಿದಳು. ಎಷ್ಟು ಕೋಳಿ, ಸಾಲ ಎಷ್ಟು ಎಂಬುದೂ ಅವರ ಬಳಿ ಲೆಕ್ಕವಿತ್ತು.

ಮೂರೂ ಪುಸ್ತಕ ಇವತ್ತು ತಂದಿದ್ದೇನೆ. ಹೊನ್ನಮ್ಮನದು ಹಳೆಯ ಕನ್ನಡ, ಅದಕ್ಕೆ ನಾನೇ ಬರುತ್ತೇನೆ. ಉಳಿದೆರಡನ್ನು ಯಾವ ಸಂಘ ಮೊದಲು ಒಯ್ಯುತ್ತದೆ ಹೇಳಿ, ನಿಮ್ಮ ಸಾಲದ ಪುಸ್ತಕದಲ್ಲೇ ಹೆಸರು ಬರೆದುಕೊಳ್ಳೋಣ.