ಊಹೆ ಸಾಕ್ಷ್ಯವಾಗದು
(ಜುಮಾ ಖುತುಬಾದ ಸಾರ)



ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಮನುಷ್ಯನನ್ನು ಸುಳ್ಳುಗಾರನನ್ನಾಗಿ ಮಾಡಲು ಸಾಕು ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಇಂದು ಈ ಎಚ್ಚರಿಕೆ ನಮ್ಮ ಬೆರಳ ತುದಿಗೂ ಅನ್ವಯಿಸುತ್ತದೆ.

ಅಮೆರಿಕದಲ್ಲಿ ಆನ್‌ಲೈನ್ ಮೂಲಕ ಪೀಠೋಪಕರಣ ಮಾರುವ ವೇಫೇರ್ ಎಂಬ ದೊಡ್ಡ ಕಂಪೆನಿಯಿದೆ. 2020ರ ಜುಲೈಯಲ್ಲಿ ಅದರ ಕೆಲವು ಕಪಾಟುಗಳಿಗೆ 10,000 ಡಾಲರ್‌ಗೂ ಹೆಚ್ಚು ಬೆಲೆ ಇರುವುದು ಜನರ ಕಣ್ಣಿಗೆ ಬಿತ್ತು. ಕಪಾಟುಗಳಿಗೆ ಹುಡುಗಿಯರ ಹೆಸರುಗಳಿದ್ದವು. ಕಾಣೆಯಾದ ಬಾಲಕಿಯರಲ್ಲೂ ಅಂಥ ಹೆಸರಿನವರಿದ್ದರು. ಇಷ್ಟಕ್ಕೇ, ಕಪಾಟಿನ ನೆಪದಲ್ಲಿ ಮಕ್ಕಳನ್ನು ಮಾರಲಾಗುತ್ತಿದೆ ಎಂಬ ಸುದ್ದಿ ಹಬ್ಬಿತು. ಅವು ಕೈಗಾರಿಕಾ ಬಳಕೆಯ ಕಪಾಟುಗಳು, ಬೆಲೆ ಸರಿಯಾಗಿಯೇ ಇದೆ ಎಂದು ಕಂಪೆನಿ ಹೇಳಿತು. ಕಾಣೆಯಾಗಿದ್ದಾಳೆಂದು ಹೆಸರಿಸಲಾಗಿದ್ದ ಯುವತಿಯೊಬ್ಬಳು ತಾನೇ ವೀಡಿಯೊದಲ್ಲಿ ಬಂದು, ತಾನು ಸುರಕ್ಷಿತಳೆಂದು ತಿಳಿಸಿದಳು. ಅಷ್ಟರಲ್ಲಿ ಮಾನವ ಸಾಗಾಟದ ಸಂತ್ರಸ್ತರಿಗಾಗಿ ಇರುವ ಸಹಾಯವಾಣಿಗೆ ಇದೇ ಗಾಳಿಸುದ್ದಿಯ ದೂರುಗಳು ರಾಶಿ ಬಿದ್ದಿದ್ದವು. ನಿಜವಾಗಿ ನೆರವು ಬೇಕಿದ್ದವರಿಗೆ ಇದರಿಂದ ಅಡ್ಡಿಯಾಯಿತು ಎಂದು ಅದನ್ನು ನಡೆಸುವ ಸಂಸ್ಥೆಯೇ ಹೇಳಿತು. ಮಕ್ಕಳ ಮೇಲಿನ ಕಾಳಜಿಯಿಂದ ಹಂಚಿದ ಸಂದೇಶ ಮಕ್ಕಳಿಗೇ ಮುಳುವಾಯಿತು!

ಇದು ದೂರದ ಕಥೆಯೆಂದುಕೊಳ್ಳಬೇಡಿ. 2018ರ ಜುಲೈಯಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂದು ಶಂಕಿಸಿ ಜನರು ಬೆನ್ನಟ್ಟಿ ಹೊಡೆದರು. ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಅಲ್ಲಿಯೂ ಬೆಂಕಿ ಹಚ್ಚಿದ್ದು ವಾಟ್ಸ್ಆ್ಯಪ್ ಸಂದೇಶವೇ.

ಸುದ್ದಿ ಬಂದರೆ ಪರಿಶೀಲಿಸಿರಿ, ಅರಿಯದೆ ಯಾರಿಗೋ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡುವಂತಾಗದಿರಲಿ ಎಂದು ಸೂರಾ ಅಲ್ ಹುಜುರಾತ್‌ನ 6ನೇ ಸೂಕ್ತ ಕಲಿಸುತ್ತದೆ. ಅದೇ ಸೂರಾದ 12ನೇ ಸೂಕ್ತ ಗುಮಾನಿಯಿಂದ ದೂರವಿರಲು ಆಜ್ಞಾಪಿಸುತ್ತದೆ.

‘ಅದು ಕೋಟ್ಯಧಿಪತಿಗಳ ಕಂಪೆನಿ, ನಮ್ಮ ಒಂದು ಫಾರ್ವರ್ಡ್‌ನಿಂದ ಅವರಿಗೇನು ನಷ್ಟ ಉಸ್ತಾದ್?’ ಎನ್ನುವವರಿದ್ದಾರೆ. ದ್ವೇಷವಿರುವವರ ವಿಷಯದಲ್ಲೂ ನ್ಯಾಯ ಪಾಲಿಸಿರಿ ಎಂಬ ಅಲ್ ಮಾಇದಾದ 8ನೇ ಸೂಕ್ತದ ಆದೇಶಕ್ಕೆ ಬಡವ-ಶ್ರೀಮಂತ ಎಂಬ ಭೇದವಿಲ್ಲ. ವ್ಯಾಪಾರಿ ಮೋಸ ಮಾಡಿದರೆ ಬಿಲ್ಲು ಹಿಡಿದು ಗ್ರಾಹಕರ ಆಯೋಗಕ್ಕೆ ಹೋಗಿರಿ, ಅದು ನಿಮ್ಮ ಹಕ್ಕು. ಮಗುವೊಂದು ಅಪಾಯದಲ್ಲಿದೆ ಎನಿಸಿದರೆ 1098ಕ್ಕೆ ಕರೆ ಮಾಡಿರಿ. ಕಂಡದ್ದನ್ನು ಹೇಳಿರಿ, ಊಹಿಸಿದ್ದನ್ನು ಸೇರಿಸಬೇಡಿರಿ.

ನಮ್ಮ ನಾಲಗೆಯನ್ನೂ ಬೆರಳನ್ನೂ ಅಲ್ಲಾಹನು ಸುಳ್ಳಿನಿಂದ ಕಾಪಾಡಲಿ. ಆಮೀನ್.