ಎತ್ತಿನ ಹಲ್ಲು, ಕಾರಿನ ವಯಸ್ಸು

ದನದ ಸಂತೆಯಲ್ಲಿ ಎತ್ತು ಕೊಳ್ಳಲು ಬಂದ ರೈತನನ್ನು ತಾವು ನೋಡಿರಬಹುದು. ಅವನು ಮೊದಲು ಎತ್ತಿನ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂಬುದು ಗೊತ್ತಾದರೆ ವಯಸ್ಸು ಗೊತ್ತಾದಂತೆಯೇ. ಆದರೆ ವ್ಯಾಪಾರ ಅಲ್ಲಿಗೆ ಮುಗಿಯುವುದಿಲ್ಲ. ಗೊರಸು ಎತ್ತಿ ನೋಡುತ್ತಾನೆ, ಹೆಗಲ ಮೇಲೆ ಕೈಯಾಡಿಸುತ್ತಾನೆ, ಹತ್ತು ಮಾರು ನಡೆಸಿ ಹಿಂದಿನಿಂದ ಅದರ ಹೆಜ್ಜೆಯನ್ನು ಗಮನಿಸುತ್ತಾನೆ. ಹಲ್ಲು ಎಣಿಸಿದಷ್ಟಕ್ಕೇ ಹಗ್ಗ ಹಿಡಿದು ಹೊರಟವನನ್ನು ಊರವರು ಜಾಣನೆಂದು ಕರೆಯುವುದಿಲ್ಲ.

ನನ್ನ ಇಂದಿನ ಮಾತು ಹಳೆಯ ಕಾರನ್ನು ಕುರಿತದ್ದು. ವಾಹನವೊಂದು ರಸ್ತೆಗೆ ಯೋಗ್ಯವೇ ಎಂದು ಪರೀಕ್ಷಿಸುವ ಕ್ರಮದಲ್ಲಿ ಹಲ್ಲು ಎಣಿಸುವುದೂ ನಡೆಸಿ ನೋಡುವುದೂ ಎರಡೂ ಬೆರೆತಿವೆ. ಯಾವುದಕ್ಕೆ ಎಷ್ಟು ತೂಕ ಕೊಡಬೇಕೆಂಬಲ್ಲಿಯೇ ತಕರಾರು.

ಲಕ್ಷ್ಮೇಶ್ವರದ ಸಮೀಪದ ಅಡರಕಟ್ಟಿಯಂಥ ಊರಿನಲ್ಲಿ 2005ರ ಅಕ್ಟೋಬರಿನಲ್ಲಿ ನೋಂದಣಿಯಾದ ಒಂದು ಮಾರುತಿ 800 ಇದೆಯೆಂದು ಇಟ್ಟುಕೊಳ್ಳೋಣ. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಕನ್ನಡದ ತಿರುಳು ಎಲ್ಲಿಯದೆಂದು ಒರೆಗೆ ಹಚ್ಚಿ ನೋಡಿದ ಕವಿರಾಜಮಾರ್ಗಕಾರನು ಎಣಿಸಿದ ನಾಲ್ಕು ಊರುಗಳಲ್ಲಿ ಇದೂ ಒಂದು. ಮಾತನ್ನು ಒರೆಗೆ ಹಚ್ಚಿದ ಸೀಮೆಯಲ್ಲಿ ಗಾಡಿಯನ್ನು ಒರೆಗೆ ಹಚ್ಚುವುದನ್ನು ಜನ ‘ಪಾಸಿಂಗ್’ ಎಂಬ ಒಂದೇ ಪದದಲ್ಲಿ ಮುಗಿಸುತ್ತಾರೆ. ಪಾಸಿಂಗಿಗೆ ಹೋಗಬೇಕಾದದ್ದು ಜಿಲ್ಲಾ ಸ್ಥಳವಾದ ಗದಗಿಗೆ, ಸುಮಾರು 40 ಕಿಲೋಮೀಟರು.

1988ರ ಮೋಟಾರು ವಾಹನಗಳ ಕಾಯ್ದೆಯು 1989ರ ಜುಲೈ 1ರಿಂದ ಜಾರಿಗೆ ಬಂದಿತು. ಸ್ವಂತ ಬಳಕೆಯ ಕಾರಿನ ನೋಂದಣಿಗೆ ಅದು 15 ವರ್ಷಗಳ ಆಯುಷ್ಯವನ್ನು ಕೊಟ್ಟಿದೆ. ಅನಂತರ ಐದೈದು ವರ್ಷಕ್ಕೊಮ್ಮೆ ನವೀಕರಣ. ಪ್ರತಿ ನವೀಕರಣಕ್ಕೆ ಮುನ್ನ ತಪಾಸಣೆ. ಬಾಡಿಗೆಯ ವಾಹನಗಳಿಗೆ ನಿಯಮ ಬಿಗಿಯಾಗಿದೆ: ಎಂಟು ವರ್ಷಗಳವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಸುಸ್ಥಿತಿ ಪತ್ರ ಪಡೆಯಬೇಕು. ಇದರ ಅರ್ಥವೇನಾಯಿತು? ನಮ್ಮ ಈ ಚಿಕ್ಕ ಕಾರು, ಹೊಗೆಯ ಪರೀಕ್ಷೆಯೊಂದನ್ನು ಬಿಟ್ಟರೆ, 15 ವರ್ಷ ಯಾರ ಕೈಗೂ ಸಿಕ್ಕದೆ ಓಡಾಡಿತು. ಅದರ ಬ್ರೇಕು ಹಿಡಿಯುತ್ತದೆಯೋ ಇಲ್ಲವೋ ಎಂದು ಕೇಳುವ ಅಧಿಕಾರ ಇದ್ದವರು ಕೇಳಲಿಲ್ಲ. ಕೇಳಬೇಕಾಗಿದ್ದ ಮಾಲೀಕನಿಗೆ ಅಭ್ಯಾಸವಾಗಿಬಿಟ್ಟಿತ್ತು.

ಈ ಅಭ್ಯಾಸವೆಂಬುದು ಬಹಳ ಮೋಸದ ವಸ್ತು. ಹಳೆಯ ಕಾರು ಒಂದು ದಿನದಲ್ಲಿ ಕೆಡುವುದಿಲ್ಲ. ಬ್ರೇಕಿನ ಪೆಡಲು ತಿಂಗಳಿಗೆ ಒಂದು ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ಕಾಲೂ ಅಷ್ಟೇ ಕೆಳಗೆ ಹೋಗಲು ಕಲಿಯುತ್ತದೆ. ಸ್ಟೇರಿಂಗು ಎಡಕ್ಕೆಳೆದರೆ ಕೈ ತಾನಾಗಿಯೇ ಬಲಕ್ಕೆ ಒತ್ತುತ್ತದೆ. ಮಾಲೀಕನನ್ನು ಕೇಳಿದರೆ ‘ಗಾಡಿ ಬಂಗಾರದಂಥಾದ್ದರೀ’ ಎನ್ನುತ್ತಾನೆ, ಅದೂ ಪ್ರಾಮಾಣಿಕವಾಗಿ. ಪರಕೀಯರ ಕಣ್ಣು ಬೇಕಾಗುವುದು ಇಲ್ಲಿಯೇ.

ಪರೀಕ್ಷೆಯಲ್ಲಿ ಹಳೆಯ ಕಾರುಗಳು ಸೋಲುವುದು ಎಂಜಿನ್ನಿನಿಂದ ಎಂದು ಅನೇಕರು ತಿಳಿದಿರುತ್ತಾರೆ. ಎಂಜಿನ್ನು ಕೆಟ್ಟರೆ ಕಾರು ಮನೆಯ ಮುಂದೆಯೇ ನಿಂತುಬಿಡುತ್ತದೆ. ಅದರಿಂದ ಅಪಾಯ ಕಡಿಮೆ. ಸೋಲು ಬರುವುದು ಅಗ್ಗದ ಭಾಗಗಳಿಂದ. ಮೊದಲನೆಯದು ದೀಪ. ಹಿಂದೆ ಬೆಳಗುವ ಬ್ರೇಕಿನ ಕೆಂಪು ದೀಪವನ್ನು ತೆಗೆದುಕೊಳ್ಳಿ: ಚಾಲಕನು ತನ್ನ ಜೀವಮಾನದಲ್ಲಿ ಕೂತಲ್ಲಿಂದ ಕಾಣಲಾರದ ದೀಪ ಅದು. ಅದು ಉರಿಯುತ್ತಿಲ್ಲವೆಂಬ ಸಂಗತಿ ಹಿಂದಿನಿಂದ ಬರುವ ಬೈಕಿನವನಿಗೆ ತಿಳಿಯುತ್ತದೆ, ಕೆಲವೊಮ್ಮೆ ತಡವಾಗಿ. ಮುಂದಿನ ದೀಪಗಳ ಕಥೆ ಬೇರೆ. ಬಲ್ಬು ಸರಿಯಿದ್ದರೂ ಅದರ ಹಿಂದಿನ ಕನ್ನಡಿಯಂಥ ತಗಡು ಮಬ್ಬಾಗಿರುತ್ತದೆ. ಒಂದು ದೀಪ ಬೇವಿನ ಮರದ ತುದಿಯನ್ನು ನೋಡಿದರೆ ಇನ್ನೊಂದು ರಸ್ತೆಯ ಪಕ್ಕದ ಚರಂಡಿಯನ್ನು ನೋಡುತ್ತದೆ. 8 ಮೀಟರು ದೂರದಲ್ಲಿ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿರುವ ಎದುರಿನವನ ಕಣ್ಣಿಗೆ ಬೆಳಕು ಕುಕ್ಕಬಾರದೆಂಬುದು ನಿಯಮ. ಮಬ್ಬಿಗೆ ಪರಿಹಾರವೆಂದು ಪೇಟೆಯಿಂದ ಕಣ್ಣು ಕೋರೈಸುವ ಬಿಳಿಯ ಬಲ್ಬು ತಂದು ಹಾಕುವವರು ಒಂದು ದೋಷವನ್ನು ಇನ್ನೊಂದರಿಂದ ಮುಚ್ಚುತ್ತಾರೆ.

ಇನ್ನು ಬ್ರೇಕು. ನಮ್ಮ ಕೇಂದ್ರ ನಿಯಮಗಳ ಪ್ರಕಾರ ಗಂಟೆಗೆ 30 ಕಿಲೋಮೀಟರು ವೇಗದಲ್ಲಿರುವ ಕಾರು ಬ್ರೇಕು ಒತ್ತಿದ ಮೇಲೆ 13 ಮೀಟರಿನೊಳಗೆ ನಿಲ್ಲಬೇಕು. ಕೇಳುವುದಕ್ಕೆ ಇದು ಸುಲಭದ ಪರೀಕ್ಷೆ. ಆದರೆ ವೇಗ ಇಮ್ಮಡಿಯಾದರೆ ನಿಲ್ಲುವ ದೂರ ನಾಲ್ಮಡಿಯಾಗುತ್ತದೆ. ಪರೀಕ್ಷೆಯಲ್ಲಿ 13 ಮೀಟರಿಗೆ ಹೇಗೋ ನಿಂತು ಪಾಸಾದ ಕಾರು 60ರ ವೇಗದಲ್ಲಿ 52 ಮೀಟರು ಓಡುತ್ತದೆ. ಚಾಲಕನು ಅಪಾಯ ಕಂಡು ಕಾಲೆತ್ತುವ ಒಂದು ಕ್ಷಣದಲ್ಲಿ ಕಳೆದುಹೋಗುವ 17 ಮೀಟರು ಇದರ ಮೇಲೆ. ಮಬ್ಬಾದ ದೀಪ ಅಷ್ಟು ದೂರವನ್ನು ತೋರಿಸಲಾರದು. ಆಚೆ ಕತ್ತಲೆಯಲ್ಲಿ, ಹಿಂದೆ ಯಾವ ದೀಪವೂ ಇಲ್ಲದೆ, ಶೇಂಗಾ ತುಂಬಿದ ಒಂದು ಚಕ್ಕಡಿಯೋ ಟ್ರ್ಯಾಕ್ಟರಿನ ಟ್ರೇಲರೋ ಹೋಗುತ್ತಿದ್ದರೆ? ದೀಪದ ದೋಷವೂ ಬ್ರೇಕಿನ ದೋಷವೂ ಪರೀಕ್ಷೆಯ ಹಾಳೆಯಲ್ಲಿ ಎರಡು ಬೇರೆ ಬೇರೆ ಸಾಲುಗಳು. ರಸ್ತೆಯ ಮೇಲೆ ಅವು ಕೂಡಿಕೊಳ್ಳುತ್ತವೆ.

ಈ ಕಾರಿನ ಮುಂದಿನ ಗಾಲಿಗಳಿಗೆ ಡಿಸ್ಕು, ಹಿಂದಿನವಕ್ಕೆ ಡ್ರಮ್ಮು. ಡ್ರಮ್ಮಿನೊಳಗಿನ ಸಿಲಿಂಡರಿನ ರಬ್ಬರು ಹಳೆಯದಾಗಿ ಎಣ್ಣೆ ಜಿನುಗಿದರೆ ಒಂದು ಗಾಲಿ ಹಿಡಿಯುತ್ತದೆ, ಇನ್ನೊಂದು ಜಾರುತ್ತದೆ. ಗಾಲಿಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ ತಿರುಗಿಸುವ ಯಂತ್ರವು ಎಡಬಲಗಳ ಈ ಭೇದವನ್ನು ಅಂಕಿಯಲ್ಲಿ ಬರೆದು ತೋರಿಸುತ್ತದೆ. ಅನುಭವಿ ನಿರೀಕ್ಷಕನಾದರೂ ಬರಿಗಣ್ಣಿನಿಂದ ಅದನ್ನು ಅಷ್ಟು ನಿಖರವಾಗಿ ಹೇಳಲಾರ. ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ತೇವ ಹೆಚ್ಚಿದಷ್ಟೂ ಅದು ಬೇಗ ಕುದಿಯುತ್ತದೆ, ಒಳಗಿನಿಂದ ಕೊಳವೆಗೆ ತುಕ್ಕು ಹಿಡಿಸುತ್ತದೆ. ವರ್ಷಗಟ್ಟಲೆ ಅದನ್ನು ಬದಲಿಸದವರೇ ಹೆಚ್ಚು. ಕೈಬ್ರೇಕಿನ ತಂತಿಯಂತೂ ಸಮತಟ್ಟಾದ ಕರಿಮಣ್ಣಿನ ಸೀಮೆಯಲ್ಲಿ ಬಳಕೆಯೇ ಇಲ್ಲದೆ ಜಂಗು ಹಿಡಿದು ಕೂತಿರುತ್ತದೆ.

ಧೂಳು ನಮ್ಮ ಸೀಮೆಯ ಇನ್ನೊಬ್ಬ ಪರೀಕ್ಷಕ. ಸ್ಟೇರಿಂಗಿನಿಂದ ಗಾಲಿಗೆ ಹೋಗುವ ಟೈರಾಡಿನ ತುದಿಯಲ್ಲಿ ಒಂದು ಗುಂಡು, ಅದರ ಮೇಲೆ ಒಂದು ರಬ್ಬರಿನ ಟೊಪ್ಪಿಗೆ. ಟೊಪ್ಪಿಗೆ ಹರಿದರೆ ಧೂಳು ಒಳಗೆ ಸೇರಿ ಗ್ರೀಸಿನೊಡನೆ ಕೂಡಿ ಅರೆಯುವ ಹಿಟ್ಟಾಗುತ್ತದೆ. ಗುಂಡು ಸವೆಯುತ್ತದೆ, ಸ್ಟೇರಿಂಗಿನಲ್ಲಿ ‘ಪ್ಲೇ’ ಬರುತ್ತದೆ. ಕೊನೆಗೊಂದು ದಿನ ತುದಿ ಕಳಚಿದರೆ ಗಾಲಿ ತನಗೆ ತೋಚಿದ ಕಡೆಗೆ ತಿರುಗುತ್ತದೆ. ನಮ್ಮ ಹಿರಿಯರು ಚಕ್ಕಡಿಗೆ ಕೀಲೆಣ್ಣೆ ಹಾಕುವಾಗ ಕಡಾಣಿಯನ್ನು ಮುಟ್ಟಿ ನೋಡುತ್ತಿದ್ದರು. ದಶರಥನ ರಥದ ಕಡಾಣಿ ಯುದ್ಧದ ನಡುವೆ ಕಳಚಿದಾಗ ಕೈಕೇಯಿ ಅಲ್ಲಿ ಬೆರಳಿಟ್ಟು ಕಾಪಾಡಿದಳೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ವಾಲ್ಮೀಕಿಯಲ್ಲಿ ಈ ಬೆರಳಿನ ಪ್ರಸಂಗವಿಲ್ಲ, ಜನ ಕಟ್ಟಿದ್ದು. ಜನಕ್ಕೆ ಗಾಡಿಯ ಸ್ವಭಾವ ಗೊತ್ತಿತ್ತು. ಹೊರಡುವ ಮುನ್ನ ಸಾರಥಿ ಒಮ್ಮೆ ಬಗ್ಗಿ ನೋಡಿದ್ದರೆ ಎರಡು ವರಗಳೂ ಇಲ್ಲ, ಹದಿನಾಲ್ಕು ವರ್ಷಗಳ ವನವಾಸವೂ ಇಲ್ಲ!

ಟೈರಿನ ಗೆರೆಗಳು 1.6 ಮಿಲಿಮೀಟರಿಗಿಂತ ಆಳವಾಗಿರಬೇಕು. ಕಡಿಮೆ ಓಡಿದ ಹಳೆಯ ಕಾರಿನಲ್ಲಿ ಗೆರೆಗಳು ಆಳವಾಗಿಯೇ ಇದ್ದು ರಬ್ಬರು ಮಾತ್ರ ಬಿಸಿಲಿಗೆ ಗಟ್ಟಿಯಾಗಿ, ಪಕ್ಕಗಳಲ್ಲಿ ಸೀಳು ಬಿಟ್ಟಿರುತ್ತದೆ. ಅಳತೆಯ ಕಡ್ಡಿಗೆ ಇದು ಸಿಗದು, ಕಣ್ಣಿಗೆ ಸಿಗುತ್ತದೆ. ಪಾಸಿಂಗಿನ ದಿನಕ್ಕೆಂದು ಬೇರೆ ಗಾಡಿಯ ಟೈರುಗಳನ್ನು ಎರವಲು ತಂದು ಹಾಕಿ, ಸಂಜೆಗೆ ಹಿಂದಿರುಗಿಸುವವರೂ ಇದ್ದಾರೆಂದು ಕೇಳುತ್ತೇವೆ. ಹೆಣ್ಣು ನೋಡಲು ಬಂದಾಗ ನೆರೆಮನೆಯ ಸರ ಹಾಕಿಸಿದಂತೆ. ಸರ ಎರವಲಾದರೆ ಬೀಗರ ಮುಂದೆ ನಾಚಿಕೆಯಷ್ಟೇ; ಟೈರು ಎರವಲಾದರೆ ಮಳೆಗಾಲದ ಮೊದಲ ತಿರುವಿನಲ್ಲಿ ತಿಳಿಯುತ್ತದೆ.

ಹೊಗೆಯ ವಿಷಯ ಹೆಚ್ಚು ಹೇಳಬೇಕಾಗಿಲ್ಲ. 2005ರ ಈ ಬಗೆಯ ಪೆಟ್ರೋಲು ಕಾರಿಗೆ ಕಾರ್ಬನ್ ಮಾನಾಕ್ಸೈಡು ಶೇಕಡಾ 0.5ನ್ನು ಮೀರಬಾರದು. ಕಾರ್ಬ್ಯುರೇಟರಿನ ಕಾಲದ ಅಂಬಾಸಿಡರು, ಪದ್ಮಿನಿಗಳಿಗೆ ಶೇಕಡಾ 3ರವರೆಗೆ ಮಾಫಿಯಿದೆ. ಒರಸುವ ವೈಪರಿನ ರಬ್ಬರು, ಹಾರನ್ನು, ಸೀಟು ಬೆಲ್ಟು ಇವೆಲ್ಲ ಸಣ್ಣ ಖರ್ಚಿನವು. ಆದರೆ ಒಂದು ಮಾತು: ಚಾಸಿಯ ಮೇಲೆ ಕೆತ್ತಿದ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯುತ್ತಾರೆ. ಶಾಸನಗಳ ಅಚ್ಚು ತೆಗೆದ ವಿದ್ವಾಂಸರ ಕೆಲಸವನ್ನೇ ಇದು ನೆನಪಿಸುತ್ತದೆ. ಅಕ್ಷರವನ್ನು ತುಕ್ಕು ತಿಂದಿದ್ದರೆ ಕಾರು ಚೆನ್ನಾಗಿ ಓಡಿದರೂ ತಾನು ಯಾರೆಂದು ಹೇಳಲಾರದೆ ನಿಲ್ಲುತ್ತದೆ.

ಬ್ರಿಟನ್ನಿನಲ್ಲಿ 1960ರಲ್ಲಿ ಇಂಥ ಪರೀಕ್ಷೆ ಪ್ರಾರಂಭವಾದಾಗ ಹತ್ತು ವರ್ಷ ದಾಟಿದ ಕಾರುಗಳನ್ನು ಮಾತ್ರ ಕರೆದರು; ನೋಡಿದ್ದು ಬ್ರೇಕು, ದೀಪ, ಸ್ಟೇರಿಂಗುಗಳನ್ನಷ್ಟೇ. ಸೋತವು ಎಷ್ಟಿದ್ದುವೆಂದರೆ ಮರುವರ್ಷವೇ ಮಿತಿಯನ್ನು ಏಳು ವರ್ಷಕ್ಕೆ ಇಳಿಸಿದರು, 1967ರಲ್ಲಿ ಮೂರಕ್ಕೆ. ಅವರು ಮುದುಕ ಕಾರುಗಳನ್ನು ಓಡಿಸಿಬಿಡಲು ಹೋಗಲಿಲ್ಲ; ಹರೆಯದವನ್ನೂ ಕರೆದು ನಡೆಸಿ ನೋಡಿದರು. ನಮ್ಮಲ್ಲಿ ದಾರಿ ಬೇರೆಯಾಯಿತು. ಹಳೆಯ ವಾಹನಗಳನ್ನು ಗುಜರಿಗೆ ಹಾಕುವ ನೀತಿ 2021ರಲ್ಲಿ ಬಂದಿತು. ಅದೂ ಪರೀಕ್ಷೆಯಲ್ಲಿ ಸೋತದ್ದನ್ನೇ ಗುಜರಿಗೆ ಕಳಿಸಬೇಕೆನ್ನುತ್ತದೆ, ಅಷ್ಟರ ಮಟ್ಟಿಗೆ ಸರಿಯೇ. ಆದರೆ ಶುಲ್ಕ ಮಾತ್ರ ಹಲ್ಲು ಎಣಿಸಿಯೇ ಏರುತ್ತದೆ. ನಮ್ಮ ಅಡರಕಟ್ಟಿಯ ಕಾರಿಗೆ 2020ರಲ್ಲಿ ನವೀಕರಣದ ಶುಲ್ಕ 600 ರೂಪಾಯಿ. 2022ರ ಏಪ್ರಿಲ್ 1ರಿಂದ ಅದು 5,000 ಆಯಿತು. 2025ರ ಆಗಸ್ಟಿನಲ್ಲಿ, 20 ವರ್ಷ ದಾಟಿದ ಕಾರಿಗೆ 10,000 ಎಂದು ಗೊತ್ತುಮಾಡಿದರು, ಇತರ ತೆರಿಗೆಗಳನ್ನು ಬಿಟ್ಟು.

ಇಲ್ಲಿ ನನಗೆ ಅಸಮಾಧಾನವಿದೆ. ಹತ್ತು ಸಾವಿರವು ಪಟ್ಟಣದವನಿಗೆ ಕಾರು ಬದಲಿಸಲು ಒಂದು ಸೂಚನೆಯಾದೀತು. ಮಳೆ ನಂಬಿದ ಹಳ್ಳಿಯಲ್ಲಿ, ಅಪರಾತ್ರಿಯಲ್ಲಿ ಹೆರಿಗೆಯ ನೋವು ಬಂದ ಹೆಣ್ಣುಮಗಳನ್ನು ಆಸ್ಪತ್ರೆಗೆ ಒಯ್ಯಲು ಓಣಿಯವರೆಲ್ಲ ಬಾಗಿಲು ತಟ್ಟುವ ಕಾರು ಇದೇ ಆಗಿರುವಾಗ, ಆ ಹಣ ಟೈರಿಗೂ ಬ್ರೇಕಿಗೂ ಹೋಗಬೇಕಾದ ಹಣ. ಮಾಲೀಕನು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಅವನು ಶುಲ್ಕವನ್ನು ಆರಿಸಿದರೆ ಕಾಗದ ಹೊಸದು, ಬ್ರೇಕು ಹಳೆಯದು. ಎರಡನ್ನೂ ಬಿಟ್ಟರೆ ನೋಂದಣಿ ತೀರುತ್ತದೆ, ವಿಮೆಯೂ ತಕರಾರಿಗೆ ಬೀಳುತ್ತದೆ. ಆ ಕಾರು ಯಾರಿಗಾದರೂ ಬಡಿದರೆ ಗಾಯಗೊಂಡವನು ಪರಿಹಾರಕ್ಕಾಗಿ ನ್ಯಾಯಾಲಯದ ಕಟ್ಟೆ ಸವೆಸಬೇಕಾದೀತು. ಅಂಥ ಕಾರು ಗದಗಿನ ದಾರಿಯನ್ನು ಹಿಡಿಯುವುದೇ ಇಲ್ಲ. ನಿರೀಕ್ಷಕರ ಕಣ್ಣಿಗೆ ಬೀಳದೆ, ಅಡರಕಟ್ಟಿಯಿಂದ ಹೊಲಕ್ಕೆ, ಹೊಲದಿಂದ ಲಕ್ಷ್ಮೇಶ್ವರದ ಪೇಟೆಗೆ, ಒಂಟಿ ದೀಪದಲ್ಲಿ ಓಡಾಡಿಕೊಂಡಿರುತ್ತದೆ.