ಹುಳ ಸತ್ತಿತು ಅಂದರೆ ಸಾಲದು, ಹೇಗೆ ಸತ್ತಿತು ನೋಡಬೇಕು

(ಸಂಘದ ವಾರ್ಷಿಕೋತ್ಸವದಲ್ಲಿ ಆಡಿದ ಮಾತಿನ ಬರಹರೂಪ)



ನಾನು ಬಿ.ಎ. ಓದ್ತಿರೋನು. ಸೂಕ್ಷ್ಮದರ್ಶಕದ ಬಗ್ಗೆ ಮಾತಾಡ್ತೀನಿ ಅಂದಾಗ, "ಇವನಿಗ್ಯಾಕೆ ಸೈನ್ಸು" ಅಂತ ಗೆಳೆಯರು ನಕ್ಕರು. ಆದರೆ ವಿಷಯ ನಮ್ಮ ಬೀದಿಯದೇ. ಧರ್ಮಪುರಿ, ಪಾಲಕ್ಕೋಡು, ಪೆನ್ನಾಗರಂ ಕಡೆ ಎಷ್ಟೋ ಮನೆಗಳ ಕೂಲಿ ನಿಂತಿರೋದು ರೇಷ್ಮೆ ಹುಳದ ಮೇಲೆ. ಸೊಪ್ಪು ಕೊಯ್ಯೋರು ನಾವು, ತಟ್ಟೆ ಸ್ವಚ್ಛ ಮಾಡೋರು ನಾವು, ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ ಬಿಡೋರು ನಾವು. ಹುಳ ಸತ್ತರೆ ಮೊದಲು ಬೈಸಿಕೊಳ್ಳೋರೂ ನಾವೇ. "ಇವರ ಕೈ ತಾಗಿತು, ಬೆಳೆ ಹೋಯ್ತು" ಅನ್ನೋ ಮಾತು ನಮ್ಮ ತಾಯಂದಿರು ಕೇಳಿಲ್ಲವಾ? ಆ ಮಾತಿಗೆ ಉತ್ತರ ಸೂಕ್ಷ್ಮದರ್ಶಕದಲ್ಲಿದೆ. ಅದಕ್ಕೇ ಈ ವಿಷಯ ಆರಿಸಿಕೊಂಡೆ.

ಎಲ್ಲ ಜೀವಿಗಳ ಮೈಯೂ ಜೀವಕೋಶಗಳಿಂದ ಆಗಿದೆ. ಜೀವಕೋಶಗಳು ಸಾಯ್ತವೆ, ಆದರೆ ಎಲ್ಲ ಸಾವೂ ಒಂದೇ ಥರ ಅಲ್ಲ. ಮೊದಲು ಒಳ್ಳೆಯ ಸಾವು ನೋಡೋಣ. ರೇಷ್ಮೆ ಹುಳದ ಮೈಯೊಳಗೆ ಉದ್ದ ಕೊಳವೆಯಂಥ ಎರಡು ಗ್ರಂಥಿಗಳಿವೆ. ನೂಲು ತಯಾರಾಗೋದು ಅಲ್ಲೇ. ನಾಲ್ಕು ಜ್ವರ ಕಳೆದು, ಹಣ್ಣಾಗಿ, ಹುಳ ಗೂಡು ಕಟ್ಟಿ ಮುಗಿಸಿದ ಮೇಲೆ ಆ ಗ್ರಂಥಿಗೆ ಕೆಲಸ ಇಲ್ಲ. ಹುಳದ ಮೈಯಲ್ಲಿ ಒಂದು ಹಾರ್ಮೋನು ಏರುತ್ತೆ. ಹುಳ ಗೂಡಿನೊಳಗೆ ಪ್ಯೂಪಾ ಆದ ಕೆಲವೇ ದಿನಗಳಲ್ಲಿ ಇಡೀ ಗ್ರಂಥಿ ಕರಗಿ ಹೋಗುತ್ತೆ. ಕೀವಿಲ್ಲ, ಕೊಳೆತವಿಲ್ಲ. ಹುಳ ಆರೋಗ್ಯವಾಗೇ ಇರುತ್ತೆ.

ಮೊದಲೇ ಗೊತ್ತುಮಾಡಿಟ್ಟ ಇಂಥ ಸಾವಿಗೆ ವಿಜ್ಞಾನದಲ್ಲಿ ಹೆಸರು ಬಂದಿದ್ದೂ ರೇಷ್ಮೆ ಪತಂಗದಿಂದಲೇ. ಅಮೆರಿಕದ ಹಾರ್ವರ್ಡ್‌ನಲ್ಲಿ ರಿಚರ್ಡ್ ಲಾಕ್‌ಶಿನ್ ಮತ್ತು ಅವರ ಗುರು ಕ್ಯಾರಲ್ ವಿಲಿಯಮ್ಸ್ ಕಾಡು ರೇಷ್ಮೆ ಪತಂಗ ಇಟ್ಟುಕೊಂಡು ಕೆಲಸ ಮಾಡಿದರು. ಗೂಡಿನಿಂದ ಹೊರಗೆ ಬರೋಕೆ ಬೇಕಾದ ಹೊಟ್ಟೆಯ ಸ್ನಾಯುಗಳು, ಹೊರಗೆ ಬಂದ ಮೇಲೆ ಎರಡು ದಿನಗಳೊಳಗೆ ಮಾಯ ಆಗೋದನ್ನು ಕಂಡರು. 1964-65ರಲ್ಲಿ ಅದಕ್ಕೆ 'ಪ್ರೋಗ್ರಾಮ್ಡ್ ಸೆಲ್ ಡೆತ್' ಅಂತ ಹೆಸರಿಟ್ಟು ಬರೆದರು. 1972ರಲ್ಲಿ ಜಾನ್ ಕೆರ್, ಆಂಡ್ರ್ಯೂ ವೈಲಿ, ಅಲಾಸ್ಟೇರ್ ಕರಿ ಎಂಬ ಮೂವರು, ಸೂಕ್ಷ್ಮದರ್ಶಕದಲ್ಲಿ ಕಂಡ ರೂಪ ನೋಡಿಯೇ 'ಅಪೊಪ್ಟೋಸಿಸ್' ಅನ್ನೋ ಹೆಸರು ಕೊಟ್ಟರು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಎಲೆ ಉದುರೋದು ಅಂತ ಅರ್ಥ.

ಕಾಣೋದು ಏನು? ಅಪೊಪ್ಟೋಸಿಸ್‌ನಲ್ಲಿ ಜೀವಕೋಶ ಕುಗ್ಗುತ್ತೆ. ನಡುವಿನ ಕೋಶಕೇಂದ್ರ ಗಟ್ಟಿಯಾಗಿ ಚೂರಾಗುತ್ತೆ. ಆಮೇಲೆ ಇಡೀ ಕೋಶ ಚಿಕ್ಕ ಚಿಕ್ಕ ಗಂಟುಗಳಾಗುತ್ತೆ, ಆದರೆ ಹೊರಪೊರೆ ಹರಿಯಲ್ಲ. ಅಕ್ಕಪಕ್ಕದ ಕೋಶಗಳು ಆ ಗಂಟುಗಳನ್ನು ನುಂಗಿಬಿಡ್ತವೆ. ಸಾಮಾನೆಲ್ಲ ಮೂಟೆ ಕಟ್ಟಿ, ಗುಡಿಸಿ, ಮನೆ ಖಾಲಿ ಮಾಡಿಕೊಟ್ಟ ಹಾಗೆ. ಇನ್ನೊಂದು ಸಾವು 'ನೆಕ್ರೋಸಿಸ್'. ಅದರಲ್ಲಿ ಕೋಶ ಊದುತ್ತೆ, ಪೊರೆ ಹರಿಯುತ್ತೆ, ಒಳಗಿದ್ದದ್ದು ಹೊರಗೆ ಚೆಲ್ಲುತ್ತೆ. ಮಳೆಗೆ ನೆನೆದ ಮಣ್ಣಿನ ಗೋಡೆ ಪಕ್ಕದ ಮನೆ ಮೇಲೆ ಬಿದ್ದ ಹಾಗೆ. ಮೂರನೆಯದೂ ಒಂದಿದೆ: ಕೋಶ ತನ್ನೊಳಗಿನ ಭಾಗಗಳನ್ನೇ ಚೀಲಗಳಲ್ಲಿ ತುಂಬಿಕೊಂಡು ಅರಗಿಸೋ 'ಆಟೋಫೇಜಿ'. ಸಾಮಾನ್ಯವಾಗಿ ಕೋಶ ಬದುಕೋಕೆ ಮಾಡೋ ಉಪಾಯ ಇದು. ಇದನ್ನು ಬಿಡಿಸಿದ್ದಕ್ಕೆ ಜಪಾನಿನ ಯೋಶಿನೊರಿ ಓಸುಮಿ ಅವರಿಗೆ 2016ರ ನೊಬೆಲ್ ಬಂತು. ನಮ್ಮ ಹುಳದ ರೇಷ್ಮೆ ಗ್ರಂಥಿ ಕರಗೋವಾಗ ಆಟೋಫೇಜಿ, ಅಪೊಪ್ಟೋಸಿಸ್ ಎರಡೂ ಕಾಣ್ತವೆ.

ಒಂದು ಸಲ ಇಣುಕಿ ನೋಡಿ ತೀರ್ಪು ಹೇಳೋಕಾಗಲ್ಲ. ಅಪೊಪ್ಟೋಸಿಸ್ ಆದ ಕೋಶವನ್ನು ಯಾರೂ ನುಂಗದಿದ್ದರೆ ಕೊನೆಗೆ ಅದರ ಪೊರೆಯೂ ಹರಿಯುತ್ತೆ. ಅದಕ್ಕೇ ಬೇರೆ ಬೇರೆ ಹೊತ್ತಿನಲ್ಲಿ ನೋಡ್ತಾರೆ, ಬಣ್ಣ ಹಾಕ್ತಾರೆ. ಟ್ರೈಪಾನ್ ಬ್ಲೂ ಅನ್ನೋ ನೀಲಿ ಬಣ್ಣ ಪೊರೆ ಹರಿದ ಕೋಶದೊಳಗೆ ಮಾತ್ರ ಇಳಿಯುತ್ತೆ. ಆಟೋಫೇಜಿಯ ಚೀಲಗಳ ಜೋಡಿ ಪೊರೆ ಕಾಣಬೇಕಾದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.

ಈಗ ಕೆಟ್ಟ ಸಾವಿಗೆ ಬರೋಣ. ಹಾಲುತೊಂಡೆ ರೋಗ ನಿಮಗೆಲ್ಲ ಗೊತ್ತು. ಹುಳದ ಗೆಣ್ಣು ಊದಿ, ನಿಲ್ಲದೆ ಓಡಾಡಿ, ಚರ್ಮ ಒಡೆದು ಹಾಲಿನಂಥ ನೀರು ಸುರಿಯುತ್ತೆ. ಕಾರಣ ಒಂದು ವೈರಸ್. ಅದು ಕೋಶಕೇಂದ್ರದೊಳಗೆ ಸೇರಿ, ಹರಳಿನಂಥ ಕಣಗಳನ್ನು ತುಂಬುತ್ತೆ. ಕೋಶಕೇಂದ್ರ ಊದಿ, ಕೊನೆಗೆ ಕೋಶವೇ ಒಡೆಯುತ್ತೆ. ಆ ಹಾಲಿನ ಒಂದು ತೊಟ್ಟನ್ನು ಗಾಜಿನ ಮೇಲೆ ಹಾಕಿ 400-600 ಪಟ್ಟು ದೊಡ್ಡದಾಗಿ ನೋಡಿದರೆ ಮಿನುಗೋ ಹರಳುಗಳು ಕಾಣ್ತವೆ. ಇನ್ನೂ ಒಂದು ವಿಚಿತ್ರ ಇದೆ. ವೈರಸ್ ಹೊಕ್ಕಾಗ ಕೋಶ ತಾನೇ ಅಪೊಪ್ಟೋಸಿಸ್‌ನಲ್ಲಿ ಸತ್ತು ವೈರಸ್ ಬೆಳೆಯೋದನ್ನು ತಡೆಯಬಹುದು. ಆದರೆ ಆ ಸಾವನ್ನೇ ತಡೆಹಿಡಿಯೋ 'ಪಿ35' ಅನ್ನೋ ಜೀನ್ ಇದೇ ಕುಲದ ಒಂದು ವೈರಸ್ಸಿನಲ್ಲಿದೆ ಅಂತ 1991ರಲ್ಲಿ ಗೊತ್ತಾಯಿತು. ಆಮೇಲೆ ನಮ್ಮ ಹುಳದ ವೈರಸ್ಸಿನಲ್ಲೂ ಅದು ಸಿಕ್ಕಿತು. ಅಂದರೆ ಕೋಶವನ್ನು ಸಾಯೋಕೂ ಬಿಡದೆ ಅದರಲ್ಲಿ ದುಡಿಸಿಕೊಳ್ಳುತ್ತೆ.

ಗಂಟುರೋಗದ ಕಥೆ ಬೇರೆ. ಅದು ತಾಯಿ ಪತಂಗದಿಂದ ಮೊಟ್ಟೆಗೆ ಇಳಿದು ಬರುತ್ತೆ. 1865ರಿಂದ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ಇದರ ಹಿಂದೆ ಬಿದ್ದು, ಮೊಟ್ಟೆ ಇಟ್ಟ ಪತಂಗವನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡೋ ಕ್ರಮ ತಂದರು. ರೋಗದ ಬೀಜಕ ಕಂಡರೆ ಆ ಮೊಟ್ಟೆ ಸುಡೋದು. ಇವತ್ತಿಗೂ ಮೊಟ್ಟೆ ಕೇಂದ್ರಗಳಲ್ಲಿ ಅದೇ ಪರೀಕ್ಷೆ. ಮೊಟ್ಟೆಯಲ್ಲೇ ಬಂದ ರೋಗಕ್ಕೆ ಸೊಪ್ಪು ಹಾಕಿದ ಅಕ್ಕನ ಕೈ ಹೇಗೆ ಕಾರಣ ಆಗುತ್ತೆ, ನೀವೇ ಹೇಳಿ.

ಹಾಗಂತ ಕೈ ತೊಳೀಬೇಡಿ ಅಂತ ಹೇಳ್ತಿಲ್ಲ. ಹಾಲುತೊಂಡೆ ವೈರಸ್ ಕೈಯಲ್ಲಿ, ತಟ್ಟೆಯಲ್ಲಿ, ಕಾಲ ಧೂಳಲ್ಲಿ ಹರಡುತ್ತೆ. ಸಾಕಣೆ ಮನೆಗೆ ಹೋಗೋ ಪ್ರತಿಯೊಬ್ಬರೂ ಕೈಕಾಲು ತೊಳೀಬೇಕು. ಕೂಲಿಯವರೂ ತೊಳೀಬೇಕು, ಯಜಮಾನರೂ ತೊಳೀಬೇಕು, ಗೂಡು ನೋಡೋಕೆ ಬಂದ ನೆಂಟರೂ ತೊಳೀಬೇಕು. ವೈರಸ್ ಯಾವ ಬೀದಿಯ ಕೈ ಅಂತ ಕೇಳಲ್ಲ. ಬೆಳೆಗೆ ಮುಂಚೆ ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ ಮನೆ, ತಟ್ಟೆ ಎಲ್ಲ ಶುದ್ಧ ಮಾಡಬೇಕು. ಸತ್ತ ಹುಳ ಕೈಯಲ್ಲಿ ಮುಟ್ಟದೆ, ಕಡ್ಡಿಯಲ್ಲಿ ಎತ್ತಿ ಸುಣ್ಣದ ನೀರಿಗೆ ಹಾಕಿ, ಆಮೇಲೆ ಹೂಳಬೇಕು.

ನನ್ನ ಕೋರಿಕೆ ಇಷ್ಟೇ. ಇನ್ನು ಮುಂದೆ ಹುಳ ಸತ್ತಾಗ ಯಾರಾದರೂ ನಮ್ಮ ಕಡೆ ಬೆರಳು ತೋರಿಸಿದರೆ ತಲೆ ತಗ್ಗಿಸಬೇಡಿ, ಜಗಳಕ್ಕೂ ಹೋಗಬೇಡಿ. "ರೋಗದ ಹುಳ ನಾಲ್ಕು ತಗೊಂಡು ರೇಷ್ಮೆ ಇಲಾಖೆಯವರ ಹತ್ರ ಹೋಗೋಣ, ಸೂಕ್ಷ್ಮದರ್ಶಕದಲ್ಲಿ ನೋಡಿಸೋಣ, ಆಮೇಲೆ ಮಾತಾಡೋಣ" ಅನ್ನಿ. ಅದಕ್ಕೆ ಮುಂಚೆ ಕೂಲಿ ಹಿಡಿಯೋಕೆ ಒಪ್ಪಬೇಡಿ. ಸಂಘದ ಹುಡುಗರು ಜೊತೆಗೆ ಬರ್ತೀವಿ. ಹತ್ತನೇ ಕ್ಲಾಸು, ಪ್ಲಸ್ ಟೂ ಓದ್ತಿರೋ ತಂಗಿ-ತಮ್ಮಂದಿರೇ, ನಿಮ್ಮ ಶಾಲೆಯ ಲ್ಯಾಬಲ್ಲಿ ಸೂಕ್ಷ್ಮದರ್ಶಕ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದರೆ, ಮೇಷ್ಟ್ರನ್ನು ಕೇಳಿ ತೆಗೆಸಿ. ನೋಡೋದು ಕಲೀರಿ.